ಔಷಧದ ಚೀಟಿಯೂ ಸಮಾನತೆಯೂ

ಎಲ್ಲರಿಗೂ ಒಂದೇ ನಿಯಮ ಮಾಡಿಬಿಟ್ಟರೆ ನ್ಯಾಯ ಒದಗಿಸಿದಂತಾಯಿತೆ? ಆಸ್ಟ್ರೇಲಿಯಾದ ಮೂಲನಿವಾಸಿಗಳ ಔಷಧದ ವಿಷಯ ಓದುವಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಆ ದೇಶದಲ್ಲಿ 1948ರಿಂದಲೂ ಸರ್ಕಾರದ ಔಷಧ ಯೋಜನೆಯಿದೆ. ವೈದ್ಯರ ಚೀಟಿ ತೋರಿಸಿದರೆ ರೋಗಿ ನಿಗದಿಯಾದ ಪಾಲನ್ನಷ್ಟೇ ಕೊಡುತ್ತಾನೆ, ಉಳಿದದ್ದು ಸರ್ಕಾರದ್ದು. ಕಾಗದದ ಮೇಲೆ ಯಾವ ಭೇದವೂ ಇಲ್ಲ. ಆದರೆ ಔಷಧದಂಗಡಿಯೇ ಇಲ್ಲದ ಒಳನಾಡಿನವನಿಗೆ ಇಂಥ ಸಮಾನತೆಯಿಂದ ಬಂದ ಭಾಗ್ಯವೇನು? ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆಗಳು ಈ ಜನರಲ್ಲಿ ಇತರರಿಗಿಂತ ಬಹಳ ಹೆಚ್ಚು. ಆದರೂ ಯೋಜನೆಯ ಹಣ ಅವರಿಗೆ ತಲುಪುತ್ತಿದ್ದುದು ಇತರರಿಗಿಂತ ಬಹಳ ಕಡಿಮೆ.

1999ರಲ್ಲಿ ದೂರಪ್ರದೇಶಗಳ ಆರೋಗ್ಯ ಕೇಂದ್ರಗಳಿಗೇ ಔಷಧ ಕಳಿಸಿ, ರೋಗಿಗೆ ಅಲ್ಲಿಯೇ ಪುಕ್ಕಟೆಯಾಗಿ ಕೊಡುವ ಏರ್ಪಾಡಾಯಿತು. ಆದರೆ ಮೂಲನಿವಾಸಿಗಳಲ್ಲಿ ಹೆಚ್ಚಿನವರು ಇರುವುದು ಪಟ್ಟಣ, ನಗರಗಳ ಕಡೆಗೇ. ಅವರಿಗೆ ರೋಗಿಯ ಪಾಲನ್ನು ಇಳಿಸಿದ್ದು 2010ರ ಜುಲೈಯಲ್ಲಿ. ರಿಯಾಯಿತಿ ಕಾರ್ಡುಳ್ಳವರಿಗೆ ಆ ಪಾಲೂ ಮನ್ನಾ. ರಕ್ತದೊತ್ತಡದ ಮಾತ್ರೆ ಒಂದು ದಿನ ತಪ್ಪಿದರೆ ನೋವಾಗುವುದಿಲ್ಲ, ಹಸಿವು ಮಾತ್ರ ಅಂದೇ ತಿಳಿಯುತ್ತದೆ. ಕೈಯಲ್ಲಿರುವ ದುಡ್ಡು ಮೊದಲು ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕೆ?

ಅಷ್ಟಾದರೂ ತೊಡಕು ಮುಗಿಯಲಿಲ್ಲ. ವೈದ್ಯರು ಪ್ರತಿ ಚೀಟಿಯ ಮೇಲೂ ಒಂದು ವಿಶೇಷ ಗುರುತು ಹಾಕಬೇಕಿತ್ತು. ಯೋಜನೆಗೆ ಸೇರದ ವೈದ್ಯರ ಚೀಟಿಗಾಗಲಿ, ಆಸ್ಪತ್ರೆಯಿಂದ ಮನೆಗೆ ಹೊರಟವನ ಚೀಟಿಗಾಗಲಿ ಆ ಗುರುತಿಲ್ಲ. ರೋಗಿ ಅವನೇ, ರೋಗವೂ ಅದೇ. ಬೆಲೆ ಮಾತ್ರ ಬೇರೆ! ವರ್ಗವಾದಾಗಲೆಲ್ಲ ರೇಷನ್ ಕಾರ್ಡು ಹಿಡಿದು ಅಲೆದ ನಮ್ಮ ಹೊರನಾಡಿನ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. 2021ರ ಜುಲೈ 1ರಿಂದ ರೋಗಿಯ ಹೆಸರನ್ನು ಒಮ್ಮೆ ನೋಂದಾಯಿಸಿದರೆ ಸಾಕು, ಚೀಟಿಯ ಗುರುತು ಬೇಡವೆಂದಾಯಿತು. ಹನ್ನೊಂದು ವರ್ಷ ಹಿಡಿಯಿತು. ಕಡತಗಳ ನಡುವೆಯೇ ಆಯುಷ್ಯ ಕಳೆಯುವ ನನ್ನಂಥ ಗುಮಾಸ್ತನಿಗೆ ಇದೇನೂ ಆಶ್ಚರ್ಯವಲ್ಲ, ಆದರೆ ಸಮಾಧಾನವೂ ಅಲ್ಲ.

"ಬಡವರು ಎಲ್ಲರಲ್ಲೂ ಇದ್ದಾರೆ, ಇವರಿಗೇಕೆ ಬೇರೆ ಪಂಕ್ತಿ?" ಎನ್ನುವವರುಂಟು. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ, ಬಡರೋಗಿ ಯಾರೇ ಆಗಲಿ, ಅವನ ಪಾಲನ್ನು ಇಳಿಸಬೇಕೆಂಬುದು ನನಗೂ ಒಪ್ಪಿಗೆ. ಆದರೆ ನೆಲ ಕಳೆದುಕೊಂಡು, ತಲೆಮಾರುಗಳ ಕಾಲ ದೊರೆತನದ ಆಜ್ಞೆಯಂತೆ ಬಾಳಬೇಕಾಗಿಬಂದ ಜನರು ಸರ್ಕಾರಿ ಬಾಗಿಲಿಗೆ ಸಲೀಸಾಗಿ ಬರುವರೆಂದು ಎಣಿಸುವುದು ಹೇಗೆ? ನೋಂದಾಯಿಸಿಕೊಳ್ಳಲು ಅವನು ಮೊದಲು ತಾನು ಯಾರೆಂದು ಹೇಳಿಕೊಳ್ಳಬೇಕು. ಅದನ್ನು ಕೇಳುವವರ ಧ್ವನಿ ಹೇಗಿರಬೇಕೆಂದು ಯಾವ ಸುತ್ತೋಲೆಯೂ ಬರೆಯಲಾರದು.