ನನ್ನ ದೋಣಿ, ನಿನ್ನ ಜೀವ

ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬೇಕಾದಂತೆ ಬದಲಿಸಿಕೊಳ್ಳುವ ಹಕ್ಕು ನಮಗೆ ಎಲ್ಲಿಯವರೆಗೆ ಇದೆ? ಪುಸ್ತಕದ ಅಂಚಿನಲ್ಲಿ ಗೀಚುವವನನ್ನಾಗಲೀ ಅಂಗಿಯ ತೋಳು ಕತ್ತರಿಸಿಕೊಳ್ಳುವವನನ್ನಾಗಲೀ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಆ ವಸ್ತು ಒಂದು ದೋಣಿಯಾಗಿದ್ದರೆ?

ನಾನು ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಅಮೆರಿಕದ ಮಿನ್ನೆಸೋಟ ಸರೋವರಗಳ ನಾಡು. ಚಳಿ ಇಳಿಯುವ ಹೊತ್ತಿಗೆ ಮನೆಗಳ ಗ್ಯಾರೇಜುಗಳಲ್ಲಿ ಡ್ರಿಲ್ಲಿನ ಸದ್ದು ಶುರುವಾಗುತ್ತದೆ. 'ಜಾನ್ ಬೋಟ್' ಎಂಬ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ ಇಲ್ಲಿ ಜನಸಾಮಾನ್ಯರ ದೋಣಿ. 14 ಅಡಿ ಆಸುಪಾಸಿನ ಉದ್ದ, ಒಳಗೆ ಅಡ್ಡಲಾಗಿ ಎರಡೋ ಮೂರೋ ಬೆಂಚು, ಅಷ್ಟೆ. ಕೂತು ಗಾಳ ಎಸೆಯುವುದಕ್ಕಿಂತ ನಿಂತು ಎಸೆಯುವುದು ಸಲೀಸು. ಆದ್ದರಿಂದ ಮರದ ಚೌಕಟ್ಟು ಕೂರಿಸಿ, ಮೇಲೆ ಪ್ಲೈವುಡ್ ಹಾಸಿ, ಕಾರ್ಪೆಟ್ ಅಂಟಿಸಿ, ಸಮತಟ್ಟಾದ ಡೆಕ್ ಕಟ್ಟಿಕೊಳ್ಳುತ್ತಾರೆ.

ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಕಾರ್ಖಾನೆಯಿಂದಲೇ ಡೆಕ್ ಸಮೇತ ಬರುವ ದೋಣಿಗಳ ಬೆಲೆ ಇದರ ಹಲವು ಪಟ್ಟು. ಅದನ್ನು ಕೊಳ್ಳಲಾಗದವನು ತನ್ನ ಕೈಯಾರೆ ಒಂದನ್ನು ಮಾಡಿಕೊಳ್ಳುತ್ತಾನೆ. ನಮ್ಮ ದುಡಿಮೆ ಬೆರೆತ ವಸ್ತು ನಮ್ಮದಾಗುತ್ತದೆ ಎಂದು 17ನೇ ಶತಮಾನದಲ್ಲಿ ಜಾನ್ ಲಾಕ್ ವಾದಿಸಿದ. ಅವನು ಹೇಳಿದ್ದು ಯಾರಿಗೂ ಸೇರದ ನೆಲ, ಫಲಗಳ ಬಗ್ಗೆ. ಆದರೂ ರಜೆಯ ದಿನಗಳನ್ನೆಲ್ಲ ಗ್ಯಾರೇಜಿನಲ್ಲಿ ಕಳೆದವನಿಗೆ ರಸೀದಿಗಿಂತ ಆಳವಾದ ಯಾವುದೋ ಒಡೆತನ ಬಂದಿರುತ್ತದೆ ಎಂದು ಒಪ್ಪಲು ನನಗೆ ಕಷ್ಟವಿಲ್ಲ.

ಕಷ್ಟ ಶುರುವಾಗುವುದು ಬೆಂಚಿನಲ್ಲಿ. ಡೆಕ್ಕಿಗೆ ಅಡ್ಡ ಬರುತ್ತದೆಂದು ಹಲವರು ಬೆಂಚನ್ನು ಕತ್ತರಿಸಿ ತೆಗೆಯುತ್ತಾರೆ. ಆದರೆ ಅದು ಬರೀ ಕೂರುವ ಜಾಗವಲ್ಲ. ದೋಣಿಯ ಎರಡು ಪಕ್ಕಗಳು ಒಳಕ್ಕೂ ಹೊರಕ್ಕೂ ಬಾಗದಂತೆ ಹಿಡಿದಿರುವ ತೊಲೆಯೂ ಅದೇ. ಅನೇಕ ದೋಣಿಗಳಲ್ಲಿ ಅದರ ಹೊಟ್ಟೆಯೊಳಗೆ ಫೋಮ್ ತುಂಬಿರುತ್ತದೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಸಾಂದ್ರ. ದೋಣಿಯೊಳಗೆ ನೀರು ನುಗ್ಗಿದ ದಿನ ಅದನ್ನು ತೇಲಿಸಿ ಹಿಡಿಯುವುದು ಆ ಫೋಮೇ. ಉಳಿದೆಲ್ಲ ದಿನ ಅದು ಏನೂ ಮಾಡದೆ ಕೂತಿರುತ್ತದೆ, ಹಾಗಾಗಿ ದಂಡದ ವಸ್ತುವಿನಂತೆ ಕಾಣುತ್ತದೆ.

1971ರ ಕಾಯ್ದೆಯೊಂದರ ಬಲದಿಂದ ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಒಂದು ಫಲಕ ಅಂಟಿಸುತ್ತಾರೆ: ಎಷ್ಟು ಜನ, ಎಷ್ಟು ತೂಕ. ಈ ನಿಯಮ ಮುಖ್ಯವಾಗಿ ಕಟ್ಟಿಹಾಕುವುದು ತಯಾರಕನನ್ನು. ಆಮೇಲೆ ಕಟ್ಟಿದ ಡೆಕ್ಕಿನ ವಿಷಯ ಫಲಕಕ್ಕೆ ಗೊತ್ತಿಲ್ಲ. ಎಂಟಡಿ ಉದ್ದ, ನಾಲ್ಕಡಿ ಅಗಲ, ಅರ್ಧ ಇಂಚು ದಪ್ಪದ ಒಂದು ಪ್ಲೈವುಡ್ ಹಲಗೆಯೇ ಸುಮಾರು 20 ಕೆಜಿ ತೂಗುತ್ತದೆ. ತಗ್ಗಿನ ಬೆಂಚಿನ ಮೇಲೆ ಕೂರುತ್ತಿದ್ದ ಮನುಷ್ಯ ಎತ್ತರದ ಡೆಕ್ಕಿನ ಮೇಲೆ ನಿಂತರೆ ಭಾರವೆಲ್ಲ ಮೇಲಕ್ಕೇರುತ್ತದೆ, ದೋಣಿ ಬೇಗ ವಾಲುತ್ತದೆ. ಫಲಕದ ಅಂಕಿ ಮಾತ್ರ ಹಾಗೇ ಇರುತ್ತದೆ.

ಇನ್ನೂ ಒಂದು ಅಪಾಯ ಕಣ್ಣಿಗೇ ಬೀಳದು. ಮರ ಕೊಳೆಯದಿರಲೆಂದು ಕೆಲವರು ತಾಮ್ರದ ಸಂಯುಕ್ತ ಸೇರಿಸಿ ಸಂಸ್ಕರಿಸಿದ ಮರ ಬಳಸುತ್ತಾರೆ. ಒದ್ದೆಯಾದಾಗ ಆ ತಾಮ್ರವೇ ಅಲ್ಯೂಮಿನಿಯಮ್ಮನ್ನು ತಿನ್ನತೊಡಗುತ್ತದೆ. ಬಾಳಿಕೆ ಬರಲೆಂದು ಮಾಡಿದ ಕೆಲಸವೇ ತಳವನ್ನು ಸವೆಸುತ್ತಿರುತ್ತದೆ. ಅಷ್ಟರಲ್ಲಿ ದೋಣಿ ಮಾರಾಟವೂ ಆಗಿರಬಹುದು. ಹೊಸಬನಿಗೆ ಕಾಣುವುದು ಚೊಕ್ಕಟವಾದ ಕಾರ್ಪೆಟ್ ಮಾತ್ರ.

ನಮ್ಮ ಭಾಷೆಯಲ್ಲಿ 'ನನ್ನ ದೋಣಿ' ಎನ್ನುತ್ತೇವೆ, 'ನನ್ನ ತಂಗಿ' ಎಂದೂ ಎನ್ನುತ್ತೇವೆ. ಪದ ಒಂದೇ, ಅರ್ಥ ಬೇರೆ. ಮೊದಲನೆಯದರಲ್ಲಿ ಹಕ್ಕಿದೆ, ಎರಡನೆಯದರಲ್ಲಿ ಹೊಣೆಯಿದೆ. ತಂಗಿ ಬಂದು ದೋಣಿಯಲ್ಲಿ ಕೂತ ಗಳಿಗೆಯಲ್ಲಿ ಎರಡು 'ನನ್ನ'ಗಳೂ ಎದುರುಬದುರಾಗುತ್ತವೆ. ನನ್ನ ದುಡಿಮೆ ದೋಣಿಯನ್ನು ನನ್ನದಾಗಿಸಬಹುದು, ಆದರೆ ಅವಳು ಹೊರುವ ಅಪಾಯವನ್ನು ನನ್ನದಾಗಿಸಲಾರದು. ಅವಳು ಬೆಂಚಿನೊಳಗೆ ಏನಿತ್ತೆಂದು ಕೇಳುವುದಿಲ್ಲ. ಕೇಳಬೇಕೆಂದೂ ಅವಳಿಗೆ ಗೊತ್ತಿಲ್ಲ.

ಹಾಗಾದರೆ ಕಾರ್ಖಾನೆ ಕೊಟ್ಟದ್ದನ್ನು ಮುಟ್ಟದೆ ಇಟ್ಟುಕೊಳ್ಳಬೇಕೇ? ನನಗೆ ಹಾಗನ್ನಿಸುವುದಿಲ್ಲ. ಕಾರ್ಖಾನೆಯ ದೋಣಿಯೂ ಬೆಲೆ, ತೂಕ, ಅನುಕೂಲಗಳ ನಡುವಿನ ಒಂದು ರಾಜಿಯೇ. ಮಂಡಿನೋವಿನ ಮುದುಕನಿಗೆ ತಗ್ಗಿನ ಬೆಂಚು ದಾಟುವುದೇ ಸಾಹಸ. ಅವನಿಗೆ ಸಮತಟ್ಟಾದ ನೆಲವೇ ಸುರಕ್ಷಿತವಾಗಬಹುದು. ಅಲ್ಲದೆ, ಬದಲಿಸಲು ಹೊರಟಾಗಲೇ ಮನುಷ್ಯ ವಸ್ತುವಿನ ಒಳಗನ್ನು ನೋಡುವುದು. ಸುಮ್ಮನೆ ಬಳಸುವವನಿಗೆ ಫೋಮ್ ಇದೆಯೆಂಬುದೂ ತಿಳಿದಿರುವುದಿಲ್ಲ.

ಆದರೆ ಒಳಗನ್ನು ಕಂಡವನು ಕಾಣದವನಷ್ಟು ನಿಶ್ಚಿಂತನಾಗಿರುವಂತಿಲ್ಲ. ಯಾವುದನ್ನು ತೆಗೆಯುತ್ತೇನೋ ಅದು ಅಲ್ಲಿ ಏನು ಮಾಡುತ್ತಿತ್ತೆಂದು ಮೊದಲು ತಿಳಿಯಬೇಕು, ಆ ಕೆಲಸವನ್ನು ಬೇರೆ ಯಾವುದಕ್ಕಾದರೂ ವಹಿಸಬೇಕು. ತೆಗೆದ ಫೋಮಿನಷ್ಟನ್ನು ಡೆಕ್ಕಿನಡಿ ಮತ್ತೆ ತುಂಬಬೇಕು, ಪಕ್ಕಗಳಿಗೆ ಬೇರೆ ಆಸರೆ ಕೊಡಬೇಕು, ಡೆಕ್ಕನ್ನು ಆದಷ್ಟು ತಗ್ಗಿಸಬೇಕು, ಅದರ ತೂಕವನ್ನು ಫಲಕದ ಅಂಕಿಯಿಂದ ಕಳೆಯಬೇಕು. ಕೊನೆಗೆ, ದೋಣಿ ಹತ್ತುವವರಿಗೂ ಕೊಳ್ಳುವವರಿಗೂ ಬಾಯಿಬಿಟ್ಟು ಹೇಳಬೇಕು: ಇದನ್ನು ನಾನು ಬದಲಿಸಿದ್ದೇನೆ, ಇಲ್ಲಿ ಇಂಥದ್ದಿತ್ತು, ಈಗ ಇಂಥದ್ದಿದೆ. ಹತ್ತುವುದೋ ಬಿಡುವುದೋ ಆಮೇಲೆ ಅವರಿಗೆ ಬಿಟ್ಟದ್ದು.