ಉಸುಕಿನ ಬುಟ್ಟಿ ಹೊತ್ತವರು

ಹನುಮಸಾಗರದಲ್ಲಿ ಹೊಳೆ ಇಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಕೇರಿಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮಂದಿ ಮಂಗಳೂರು ಬಸ್ ಹತ್ತುತ್ತಾರೆ. ಅಲ್ಲಿ ಗೌಂಡಿಯ ಕೈಕೆಳಗೆ ಉಸುಕಿಗೆ ಸಾಣಿಗಿ ಹಿಡಿಯುತ್ತೇವೆ, ಕಲಸುತ್ತೇವೆ, ಹೊರುತ್ತೇವೆ. ಆ ಬಂದರಿನ ಊರಲ್ಲಿ ಉಸುಕಿಗೆ ಹೊಯಿಗೆ ಅನ್ನುತ್ತಾರೆ. ಹೊಯಿಗೆಬಜಾರ್ ಎಂಬ ಜಾಗವೇ ಇದೆ. ನಾವು ಎಬ್ಬಿಸಿದ ಗೋಡೆಯೊಳಗೆ ಒಂದು ದ್ವೀಪದ ಚೂರು ಇರಬಹುದೆಂಬುದು ಮಾತ್ರ ನಮಗೆ ಬಹಳ ದಿನ ಹೊಳೆದಿರಲಿಲ್ಲ.

ಆ ದ್ವೀಪ ಪಾವೂರು ಉಳಿಯ. ಮಂಗಳೂರಿನ ಮಗ್ಗುಲಿಗೆ, ಅಡ್ಯಾರಿನ ಕಡೆ, ನೇತ್ರಾವತಿಯ ನಡುವಿನ ಕುದ್ರು. ನಮ್ಮ ಗಂಗಾವತಿ ಸೀಮೆಯವರು ಗಡ್ಡಿ ಅನ್ನುವುದನ್ನೇ ತುಳುವರು ಕುದ್ರು ಅನ್ನುತ್ತಾರೆ. ಅಲ್ಲಿ ತೆಂಗು ಬೆಳೆಸಿಕೊಂಡು ಬಂದ ಕ್ರೈಸ್ತ ಕುಟುಂಬಗಳಿವೆ. ಸುತ್ತಲೂ ಉಸುಕು ಎತ್ತಿದಂತೆ ದ್ವೀಪ ಕರಗುತ್ತಾ ಬಂತು. ಹೊಳೆಯ ತಳದಲ್ಲಿ ತೋಡಿದ ಗುಂಡಿ ಗುಂಡಿಯಾಗಿ ಉಳಿಯುವುದಿಲ್ಲ. ಅದನ್ನು ತುಂಬಲು ನೀರು ಪಕ್ಕದ ದಡವನ್ನೇ ಕೊರೆದು ತರುತ್ತದೆ. ರಾತ್ರಿ ತೋಡಿದವರು ಬೆಳಗಿಗೆ ಇರುವುದಿಲ್ಲ. ತೆಂಗು ಬೀಳುವುದು ಮುಂದಿನ ಮಳೆಗಾಲಕ್ಕೆ. ಅದಕ್ಕೇ ‘ಹೊಳೆ ನುಂಗಿತು’ ಎಂಬ ಸುಳ್ಳು ಸಲೀಸಾಗಿ ನಡೆಯುತ್ತದೆ.

5 ಹೆಕ್ಟೇರಿಗಿಂತ ಸಣ್ಣ ಉಸುಕಿನ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಉಳಿಯದ ಮಂದಿ ದೂರು ಕೊಟ್ಟರು, ಪ್ರತಿಭಟಿಸಿದರು. ಇಂಡೋನೇಷ್ಯಾದ ನಿಪಾ ಎಂಬ ದ್ವೀಪವೂ ಹೀಗೇ ಸಿಂಗಪುರದ ಮಗ್ಗುಲಲ್ಲಿ ಕರಗುತ್ತಿತ್ತು. ಅದು ದೇಶದ ಗಡಿ ಗುರುತಿಸುವ ದ್ವೀಪ; ಸರ್ಕಾರ 2003ರಲ್ಲಿ ಕಡಲ ಉಸುಕಿನ ರಫ್ತು ನಿಲ್ಲಿಸಿ, ದ್ವೀಪವನ್ನು ಮತ್ತೆ ತುಂಬಿ ಎತ್ತರಿಸಿತು. ಪಾಪದವರ ತೆಂಗಿನ ತೋಟಕ್ಕೆ ದೇಶದ ಗಡಿ ಎಲ್ಲಿಂದ ಬರಬೇಕು? 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿಗೆ ನೀರು ನಿಂತಾಗ ಮುಳುಗಿದ ಹಳ್ಳಿಗಳಿಗೆ ಪಟ್ಟಿಯಾದರೂ ಇದೆ. ಬುಟ್ಟಿ ಬುಟ್ಟಿಯಾಗಿ ಹೋದ ನೆಲಕ್ಕೆ ಪಂಚನಾಮೆ ಬರೆಯುವವರಾರು?

ಹಾಗಾದರೆ ಬುಟ್ಟಿ ಹೊತ್ತ ನಾವು ಯಾರು?

ನಮ್ಮ ಸಭೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಕೂಲಿಯವ ನಿರಪರಾಧಿ, ಗುತ್ತೇದಾರ ಅಪರಾಧಿ. ಹೊತ್ತವನ ಮೇಲೆ ಕೇಸು ಜಡಿದು ಲಾರಿಯ ಧಣಿಗೆ ಕುರ್ಚಿ ಹಾಕುವುದನ್ನು ಕಂಡವರಿಗೆ ಈ ಉತ್ತರ ಹಿತ. ನಮಗೂ ಹಿತವೇ. ಆದರೂ ಒಪ್ಪಲಾರೆವು. ಸಾವಿರಾರು ವರ್ಷ ನಮ್ಮನ್ನು ಬರೇ ಕೈ ಅಂದರು, ತಲೆ ಇಲ್ಲ ಅಂದರು. ಈಗ ನಾವೇ ‘ನಾವು ಬರೇ ಕೈ, ನಮಗೇನು ಗೊತ್ತು’ ಅಂದರೆ ಆ ಮಾತಿಗೆ ನಮ್ಮ ಹೆಬ್ಬೆಟ್ಟು ಒತ್ತಿದಂತೆ. ಪಾಲು ನಮಗೂ ಇದೆ. ಸಮಪಾಲಲ್ಲ. ಒಲ್ಲೆ ಅಂದರೆ ಸಂಜೆಗೆ ಒಲೆ ಹತ್ತದವನ ಪಾಲನ್ನೂ, ಒಲ್ಲೆ ಅಂದರೆ ಒಂದು ಮಹಡಿ ಮಾತ್ರ ಕಮ್ಮಿಯಾಗುವವನ ಪಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆ ಮಹಡಿಯಲ್ಲಿ ಕೂತು ನದಿ ಉಳಿಸಿ ಎಂದು ಭಾಷಣ ಬರೆಯುವವರ ಪಾಲನ್ನು ಅವರೇ ತೂಗಿಕೊಳ್ಳಲಿ.

ನಮ್ಮ ಸಣ್ಣ ಪಾಲಿಗೆ ಸದ್ಯ ನಮಗೆ ಕಾಣುವ ಕೆಲಸ ಕೇಳುವುದು. ಕೇಳಿದವನಿಗೆ ನಾಳೆ ಕೆಲಸ ಸಿಗದಿರಬಹುದು, ಅದೂ ಗೊತ್ತು. ಈ ಸಲ ಊರಿಗೆ ಬಂದ ಹುಡುಗರನ್ನು ‘ಯಾವ ಹೊಳಿ ಉಸುಕಪಾ ಅದು?’ ಎಂದು ಕೇಳಿದೆವು.

‘ಲಾರಿ ನಡುರಾತ್ರಿ ಬರತೈತಿ ಯಣ್ಣಾ, ನಾವು ಮಕ್ಕೊಂಡಿರ್ತೀವಿ’ ಅಂದ ಒಬ್ಬ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬ ಅಂದ: ‘ಒಂದೊಂದ್ ಸಲ ಸಾಣಿಗಿ ಹಿಡಿಯೋ ಮುಂದ ತೆಂಗಿನ ಬೇರು ಬರ್ತಾವ.’