ಚಿನ್ನ ಯಾರ ಕೈಗೆ ಒಲಿಯುತ್ತದೆ?

ಬುದ್ಧನ ಶಿಷ್ಯ ಸಾರಿಪುತ್ತನ ಬಳಿ ಅಕ್ಕಸಾಲಿಗನ ಮಗನೊಬ್ಬ ಭಿಕ್ಷುವಾಗಿ ಸೇರಿದ. ಹರೆಯದ ಹುಡುಗ, ಆಸೆಗಳು ಬಲವಾಗಿರಬಹುದೆಂದು ಗುರು ಅವನಿಗೆ ದೇಹದ ಅಶುಚಿಯನ್ನು ಧ್ಯಾನಿಸಲು ಹೇಳಿದ. ಎಷ್ಟು ಕೂತರೂ ಹುಡುಗನ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಗುರುವೇ ಅವನನ್ನು ಬುದ್ಧನ ಮುಂದೆ ನಿಲ್ಲಿಸಿದ. ಜನ್ಮಜನ್ಮಾಂತರಗಳಿಂದ ಇವನು ಚಿನ್ನದ ಕೆಲಸವನ್ನೇ ಮಾಡುತ್ತ ಬಂದವನೆಂದು ಬುದ್ಧ ತಿಳಿದ. ಚಿನ್ನದ ತಾವರೆಯೊಂದನ್ನು ಸೃಷ್ಟಿಸಿ, ಮರಳಿನ ದಿಬ್ಬದಲ್ಲಿ ನೆಟ್ಟು, ಇದನ್ನೇ ನೋಡುತ್ತಿರು ಎಂದ. ಹುಡುಗನ ಚಿತ್ತ ಅಲ್ಲೇ ನೆಲೆಸಿತು. ಆಮೇಲೆ ಆ ಹೂವು ಅವನ ಕಣ್ಣೆದುರೇ ಬಾಡಿತು. ಯಾವ ಉಪದೇಶಕ್ಕೂ ದಕ್ಕದ ಅನಿತ್ಯದ ಅರಿವು ಅವನಿಗೆ ಆಗ ದಕ್ಕಿತು.

ಧಮ್ಮಪದದ ವ್ಯಾಖ್ಯಾನವಾದ ಅಟ್ಠಕಥೆ ಹೇಳುವ ಈ ಕಥೆಯಲ್ಲಿ ದೊಡ್ಡ ಪ್ರಶ್ನೆಯೊಂದಿದೆ. ಕಸುಬು ಮನುಷ್ಯನಿಗೆ ಎಲ್ಲಿಂದ ಬರುತ್ತದೆ? ಹುಟ್ಟಿನಿಂದಲೇ, ಪೂರ್ವಜನ್ಮದಿಂದಲೇ, ಅವನ ಆಯ್ಕೆಯಿಂದಲೇ? ಆಭರಣದ ಕೆಲಸಕ್ಕೆ ಇಳಿಯಬೇಕೆನ್ನುವ ಇಂದಿನ ಹುಡುಗ ಹುಡುಗಿಯರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಏಕೆಂದರೆ ನಮ್ಮಲ್ಲಿ ಈ ವಿದ್ಯೆ ಬಹುಕಾಲ ವಿಶ್ವಕರ್ಮರ, ದೈವಜ್ಞರ ಮನೆಗಳಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂತು. ಪರಧರ್ಮ ಎಷ್ಟೇ ಚೆನ್ನಾಗಿದ್ದರೂ ಸ್ವಧರ್ಮವೇ ಮೇಲು ಎಂದು ಗೀತೆ ಎರಡು ಕಡೆ, 3ನೇ ಮತ್ತು 18ನೇ ಅಧ್ಯಾಯಗಳಲ್ಲಿ ಹೇಳುತ್ತದೆ. ಆದರೆ ನನ್ನ ಸ್ವಧರ್ಮ ಯಾವುದೆಂದು ಗೊತ್ತಾಗುವುದು ಹೇಗೆ?

ಹನ್ನೆರಡನೇ ಶತಮಾನದ ಕಿನ್ನರಿ ಬ್ರಹ್ಮಯ್ಯನಿಗೆ ಅದು ಗೊತ್ತಾದದ್ದು ಕಸುಬನ್ನು ಬಿಟ್ಟಾಗ. ಅವನೂ ಅಕ್ಕಸಾಲಿಗ. ಚಿನ್ನದ ವ್ಯವಹಾರದಲ್ಲಿ ಸುಳಿದ ಸಂಶಯವೇ ಅವನು ಕುಲುಮೆ ತೊರೆಯಲು ಕಾರಣ ಎನ್ನುತ್ತದೆ ಪರಂಪರೆ. ಕಲ್ಯಾಣಕ್ಕೆ ಬಂದು ತ್ರಿಪುರಾಂತಕನ ಗುಡಿಯಲ್ಲಿ ಕಿನ್ನರಿ ಎಂಬ ತಂತಿವಾದ್ಯ ನುಡಿಸುವುದನ್ನೇ ಕಾಯಕ ಮಾಡಿಕೊಂಡ.

ಇಟಲಿಯ ಬೆನ್ವೆನುಟೊ ಚೆಲ್ಲಿನಿಯದು ಇದರ ತಿರುಗುಮುರುಗು. 1500ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಅವನನ್ನು ತಂದೆ ಕೊಳಲುವಾದಕನನ್ನಾಗಿ ಮಾಡಲು ಹಟ ಹಿಡಿದಿದ್ದ. ಹುಡುಗ ಕೊಳಲನ್ನು ಶಪಿಸುತ್ತಲೇ ಊದಿ, 15ರ ವಯಸ್ಸಿನಲ್ಲಿ ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಅಕ್ಕಸಾಲೆ ಸೇರಿದ. ಮುಂದೆ ಫ್ರಾನ್ಸಿನ ದೊರೆಗೆ ಅವನು ಮಾಡಿಕೊಟ್ಟ ಚಿನ್ನದ ಉಪ್ಪಿನ ಬಟ್ಟಲು ಈಗ ವಿಯೆನ್ನಾದ ಸಂಗ್ರಹಾಲಯದಲ್ಲಿದೆ. ಕೈ ಪಳಗಿದರೆ ಮನಸ್ಸೂ ಪಳಗುತ್ತದೆ ಎನ್ನುವವರಿಗೆ ಚೆಲ್ಲಿನಿ ಸುಲಭದ ಉದಾಹರಣೆಯಲ್ಲ. ಕೊಲೆ ಮಾಡಿದ್ದನ್ನು ತನ್ನ ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ. ಪೋಪನ ರತ್ನಗಳನ್ನು ಕದ್ದನೆಂಬ ಆರೋಪದ ಮೇಲೆ 1538ರಲ್ಲಿ ಸೆರೆಮನೆಯನ್ನೂ ಕಂಡ.

ಒಬ್ಬ ಕಲ್ಯಾಣಕ್ಕೆ ಬಂದವನು, ಇನ್ನೊಬ್ಬ ರೋಮ್‌ನಲ್ಲಿ ಸೆರೆಯಾದವನು. ಸಂಶಯ ಮಾತ್ರ ಇಬ್ಬರನ್ನೂ ಬಿಡಲಿಲ್ಲ. ಈ ಕಸುಬಿನ ಧಾರ್ಮಿಕ ತೊಡಕು ಇರುವುದು ಇಲ್ಲೇ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಒಂದು ಸಮುದಾಯಕ್ಕೇ ಅನ್ಯಾಯವಾಗಿ ಅಂಟಿದೆ. ಮನುಸ್ಮೃತಿಯ 9ನೇ ಅಧ್ಯಾಯ ವಂಚಕ ಅಕ್ಕಸಾಲಿಗನನ್ನು ಎಲ್ಲ ಕಂಟಕರಲ್ಲಿ ಅತ್ಯಂತ ಪಾಪಿಷ್ಠನೆಂದು ಕರೆದು, ಕ್ಷೌರದ ಕತ್ತಿಯಿಂದ ತುಂಡು ತುಂಡಾಗಿ ಕಡಿಸಬೇಕೆನ್ನುತ್ತದೆ. ಕೌಟಿಲ್ಯ ಚಿನ್ನ ಕದಿಯುವ ಉಪಾಯಗಳನ್ನೇ ಬಿಡಿಸಿ ಬಿಡಿಸಿ ಬರೆದಿದ್ದಾನೆ. ಇಷ್ಟು ಅಪನಂಬಿಕೆಯ ನಡುವೆಯೂ ಊರಿನ ಜನ ಮಗಳ ಮದುವೆಯ ಚಿನ್ನವನ್ನು ಒಯ್ದು ಕೊಟ್ಟದ್ದು ಇದೇ ಕೈಗಳಿಗೆ. ಪರರ ಚಿನ್ನ ಅಂಗೈಯಲ್ಲಿರುವಾಗ ಮನಸ್ಸು ಅಲುಗದಿರುವುದೇ ಈ ಕಸುಬಿನ ಮೊದಲ ಅರ್ಹತೆ. ಅದನ್ನು ಹುಟ್ಟೂ ಕೊಡದು, ಬರಿಯ ಆಸೆಯೂ ಕೊಡದು.

ಒರೆಗಲ್ಲಿನ ಕೆಲಸವನ್ನೇ ನೋಡಿ. ಕಪ್ಪು ಕಲ್ಲಿನ ಮೇಲೆ ಒಡವೆಯನ್ನು ಉಜ್ಜಿ ಒಂದು ಗೆರೆ ಎಳೆಯುತ್ತಾರೆ. ಅದರ ಮಗ್ಗುಲಲ್ಲೇ ಗುಣ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ಆಮ್ಲದ ಹನಿ. ಬೆರಕೆ ಹೆಚ್ಚಿದ್ದರೆ ಗೆರೆ ಮಂಕಾಗುತ್ತದೆ, ಕರಗಿಯೂ ಹೋಗಬಹುದು. ಈ ವ್ಯತ್ಯಾಸ ಕೂದಲೆಳೆಯಷ್ಟು. ಅದನ್ನು ಹಿಡಿಯುವ ಕಣ್ಣು ವರ್ಷಗಟ್ಟಲೆ ನೋಡಿ ನೋಡಿ ತಯಾರಾಗುವಂಥದ್ದು. ಕಂಡದ್ದನ್ನು ಗಿರಾಕಿಗೆ ಕಂಡಂತೆಯೇ ಹೇಳುವ ನಾಲಿಗೆ ಅದಕ್ಕಿಂತ ಕಷ್ಟದ ಸಿದ್ಧಿ.

ಬ್ರಹ್ಮಯ್ಯ ಕಸುಬು ಬಿಟ್ಟು ಪಡೆದದ್ದನ್ನು ಪಂಢರಪುರದ ಅಕ್ಕಸಾಲಿಗ ನರಹರಿ ಸೋನಾರ ಕಸುಬಿನ ಒಳಗಿದ್ದೇ ಪಡೆದ. ಅವನು ಶಿವಭಕ್ತ, ವಿಠಲನ ಮುಖ ನೋಡಲಾರೆ ಎಂಬ ಹಟದವನು. ವಿಠಲನಿಗೆ ಸೊಂಟದ ಪಟ್ಟಿ ಮಾಡಿಕೊಡಲು ವ್ಯಾಪಾರಿಯೊಬ್ಬ ಕೇಳಿದಾಗ, ಅಳತೆ ನೀವೇ ತನ್ನಿ ಎಂದ. ಮಾಡಿದ ಪಟ್ಟಿ ಹೊಂದಲೇ ಇಲ್ಲ. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಾನೇ ಅಳೆಯಲು ಹೋದ. ಮುಟ್ಟಿದರೆ ಕೈಗೆ ಶಿವನ ಗುರುತು. ಬಟ್ಟೆ ಬಿಚ್ಚಿದರೆ ಎದುರಿಗೆ ವಿಠಲ. ಹರಿಹರರ ಭೇದ ಅಲ್ಲಿಗೆ ಮುಗಿಯಿತು ಎನ್ನುತ್ತಾರೆ ವಿಠಲನ ಭಕ್ತರಾದ ವಾರಕರಿಗಳು. ಅವನಿಗೆ ಆ ತಿಳಿವು ಬಂದದ್ದು ಅಳತೆ ಸರಿಯಾಗಲೇಬೇಕೆಂಬ ಕುಶಲಿಗನ ನಿಷ್ಠೆಯಿಂದ. ಅಳತೆ ತಪ್ಪಿದ ಪಟ್ಟಿಯನ್ನು ಹಾಗೇ ಬಿಟ್ಟಿದ್ದರೆ ಅವನು ಗುಡಿಗೆ ಹೋಗುತ್ತಲೇ ಇರಲಿಲ್ಲ.

ಇಂದು ಈ ಕಸುಬಿಗೆ ಬರುವ ದಾರಿ ಬದಲಾಗಿದೆ. ಬೆಂಗಳೂರಿನ ನಗರ್ತಪೇಟೆಯ ಇಕ್ಕಟ್ಟಿನ ಕಾರ್ಖಾನೆಗಳಲ್ಲಿ ಬಂಗಾಳದಿಂದ ಬಂದ ಕೆಲಸಗಾರರು ಕೂತಿದ್ದಾರೆ. ಡಿಸೈನ್ ಕಾಲೇಜುಗಳಲ್ಲಿ ಯಾವ ಮನೆತನದವರಾದರೂ ಕಂಪ್ಯೂಟರಿನಲ್ಲಿ ಒಡವೆ ರಚಿಸಬಹುದು. ಇದು ಒಳ್ಳೆಯದೇ, ಜಾತಿಯ ಬಾಗಿಲು ತೆರೆಯಲೇಬೇಕಿತ್ತು. 2021ರ ಜೂನ್‌ನಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ. 22 ಕ್ಯಾರಟ್ಟಿನ ಬಳೆಯ ಒಳಮೈಯಲ್ಲಿ 916 ಎಂಬ ಗುರುತಿರುತ್ತದೆ. ಗಿರಾಕಿ ಈಗ ಅಂಕಿಯನ್ನು ನಂಬಬಹುದು. ಆದರೆ ಆ ಅಂಕಿ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ.

ಹೊಸಬರನ್ನು ಕೆಲಸಕ್ಕೆ ಕೂರಿಸಿಕೊಳ್ಳುವವರು ಮೊದಲು ಚಿನ್ನ ಕೊಡುವುದಿಲ್ಲ. ತಾಮ್ರದ ತಂತಿ ಎಳೆಸುತ್ತಾರೆ, ಬೆಳ್ಳಿಗೆ ಬೆಸುಗೆ ಹಾಕಿಸುತ್ತಾರೆ, ಅರ ಹಿಡಿಯುವುದನ್ನು ಕಲಿಸುತ್ತಾರೆ. ಚಿನ್ನ ಕೈಗೆ ಬಂದ ದಿನದಿಂದ ಪುಸ್ತಕದಲ್ಲಿ ಲೆಕ್ಕ ಶುರುವಾಗುತ್ತದೆ: ಕೊಟ್ಟ ತೂಕ, ಮರಳಿ ಬಂದ ತೂಕ, ಅರದ ಪುಡಿ, ಸವಕಳಿ. ಯಾರು ಈ ಕೆಲಸಕ್ಕೆ ಸಲ್ಲುವವರು ಎಂಬುದನ್ನು ಯಜಮಾನರು ಓದಿಕೊಳ್ಳುವುದು ಆ ಪುಸ್ತಕದಲ್ಲಿ.